ತನ್ನ ತನ್ನ ಮನೆಯ ಎದುರಿನ ಗೋಡೆ

ಸಭೆಯಲ್ಲಿ ಓದತಕ್ಕ ಭಾಗ: ನೆಹೆಮೀಯನ ಗ್ರಂಥದ 1ರಿಂದ 5 ಮತ್ತು 8ನೆಯ ಅಧ್ಯಾಯಗಳು



ಹಳೇ ಒಡಂಬಡಿಕೆಯು ಮೊದಲು ಯೆಹೂದ್ಯರಿಗೆ ಕೊಡಲ್ಪಟ್ಟ ಗ್ರಂಥವು. ಅವರು ಇಂದಿಗೂ ಅದನ್ನು ತಮ್ಮ ಸಭಾಮಂದಿರಗಳಲ್ಲಿ ಇಬ್ರಿಯ ಭಾಷೆಯಲ್ಲಿ ಓದುತ್ತಾರೆ. ನಮ್ಮ ಮಾತಿನಲ್ಲಿ ಅದು ತುಂಗಭದ್ರೆಯ ಆಚೆಯ ದಡದ ಬಳ್ಳಾರಿಯಲ್ಲಿ ಸಿದ್ಧವಾಯಿತು. ಲಂಡನ್ ಮಿಷನಿನ ಜಾನ್ ಹ್ಯಾಂಡ್ಸ್ ಎಂಬ ಬೋಧಕರು 1810ರಲ್ಲಿ ಅಲ್ಲಿಗೆ ಬಂದು, ಕನ್ನಡವನ್ನು ಕಲಿತು, ಭಾಷಾಂತರಕ್ಕೆ ಕೈಹಾಕಿದರು. 1831ರಲ್ಲಿ ಸಂಪೂರ್ಣ ಸತ್ಯವೇದವು ಕನ್ನಡದಲ್ಲಿ ಮುದ್ರಿತವಾಯಿತು. ಬಿದ್ದುಹೋದ ಜನವು ಹೇಗೆ ತಿರಿಗಿ ಎದ್ದು ನಿಲ್ಲುತ್ತದೆಂಬುದನ್ನು ಆ ಗ್ರಂಥದಿಂದ ಈ ತಿಂಗಳು ಕಲಿಯೋಣ.

ಕ್ರಿ. ಪೂ. 586ರಲ್ಲಿ ಬಾಬೆಲಿನ ಸೈನ್ಯವು ಯೆರೂಸಲೇಮನ್ನು ಸುಟ್ಟು ಜನರನ್ನು ಸೆರೆಯೊಯ್ಯಿತು. ಆಲಯವು 516ರ ಸುಮಾರಿಗೆ ತಿರಿಗಿ ಕಟ್ಟಲ್ಪಟ್ಟಿತು. ಆದರೆ ಪಟ್ಟಣದ ಗೋಡೆಯು ಕೆಡವಲ್ಪಟ್ಟೇ ಇತ್ತು. ಅರ್ತಷಸ್ತ ರಾಜನ ಪಾನದಾಯಕನಾಗಿದ್ದ ನೆಹೆಮೀಯನು ಈ ಸುದ್ದಿಯನ್ನು ಕೇಳಿ ಅತ್ತನು, ಉಪವಾಸಮಾಡಿದನು, ಪ್ರಾರ್ಥಿಸಿದನು. ಆದರೆ ಅಳುವುದರಲ್ಲಿಯೇ ನಿಲ್ಲಲಿಲ್ಲ. ರಾಜನಿಂದ ಅಪ್ಪಣೆಯನ್ನೂ ಮರಕ್ಕಾಗಿ ಪತ್ರವನ್ನೂ ಪಡೆದು, ಕ್ರಿ. ಪೂ. 445ರಲ್ಲಿ ಯೆರೂಸಲೇಮಿಗೆ ಬಂದು, ರಾತ್ರಿಯಲ್ಲಿ ಗೋಡೆಯನ್ನು ಸುತ್ತಿ ನೋಡಿದನು. ಬಳಿಕ ಜನರನ್ನು ಕರೆದನು. ಐವತ್ತೆರಡು ದಿನಗಳಲ್ಲಿ ಕೆಲಸವು ಮುಗಿಯಿತು.

ಒಂದನೆಯ ಪಾಠ: ಪ್ರತಿಯೊಬ್ಬನಿಗೂ ಪಾಲುಂಟು. ಮೂರನೆಯ ಅಧ್ಯಾಯವು ಬರೀ ಹೆಸರುಗಳ ಪಟ್ಟಿಯೆಂದು ಅನೇಕರು ದಾಟಿಹೋಗುತ್ತಾರೆ. ಅಲ್ಲಿ ಯಾಜಕರಿದ್ದಾರೆ, ಅಕ್ಕಸಾಲಿಗರಿದ್ದಾರೆ, ವರ್ತಕರಿದ್ದಾರೆ. ಶಲ್ಲೂಮನೊಂದಿಗೆ ಅವನ ಹೆಣ್ಣುಮಕ್ಕಳೂ ಇದ್ದಾರೆ. ಕೆಲವರು ತಮ್ಮ ತಮ್ಮ ಮನೆಯ ಎದುರಿನ ಭಾಗವನ್ನೇ ಕಟ್ಟಿದರು. ತೆಕೋವದ ಶ್ರೀಮಂತರು ಹೆಗಲು ಕೊಡಲಿಲ್ಲ. ಆ ಊರಿನ ಸಾಮಾನ್ಯರಾದರೋ ತಮ್ಮ ಪಾಲನ್ನು ಮುಗಿಸಿ ಇನ್ನೊಂದು ಪಾಲನ್ನೂ ಕಟ್ಟಿದರು. ಸಾಣಾಪುರ, ಆನೆಗೊಂದಿಗಳ ರೈತರಿಗೆ ಇದನ್ನು ಹೆಚ್ಚು ವಿವರಿಸಬೇಕಾಗಿಲ್ಲ. 1565ರ ಯುದ್ಧದ ತರುವಾಯ ವಿಜಯನಗರದ ಅರಮನೆಗಳು ಹಾಳುಬಿದ್ದವು. ಆದರೆ ಆ ಕಾಲದ ಕಾಲುವೆಗಳು ಇಂದಿಗೂ ಗದ್ದೆಗೆ ನೀರುಣಿಸುತ್ತವೆ. ಹೂಳು ತೆಗೆಯುವ ಮತ್ತು ಏರಿ ಸರಿಪಡಿಸುವ ಕೈಗಳಿಲ್ಲದಿದ್ದರೆ ಅವೂ ಎಂದೋ ಮುಚ್ಚಿಹೋಗುತ್ತಿದ್ದವು. ಸಭೆಯೂ ಹಾಗೆಯೇ. ಉಪದೇಶಿಯೊಬ್ಬನೇ ಅದನ್ನು ಹೊರಲಾರನು.

ಎರಡನೆಯ ಪಾಠ: ಸಾಲದ ನೊಗವು ಮುರಿಯಬೇಕು. ಗೋಡೆಯ ಕೆಲಸದ ಮಧ್ಯದಲ್ಲಿಯೇ ಬಡವರ ಗೋಳು ಎದ್ದಿತು. ಕಾಳಿಗಾಗಿ ಹೊಲ ಮನೆಗಳನ್ನು ಒತ್ತೆಯಿಟ್ಟಿದ್ದರು. ಮಕ್ಕಳನ್ನು ಜೀತಕ್ಕೆ ಒಪ್ಪಿಸಿದ್ದರು. ಸಾಲ ಕೊಟ್ಟವರು ಅನ್ಯರಲ್ಲ, ಸ್ವಜನರೇ. ನೆಹೆಮೀಯನು ದೊಡ್ಡ ಸಭೆಯನ್ನು ಕೂಡಿಸಿ, ತಾನೂ ತನ್ನವರೂ ಸಾಲ ಕೊಟ್ಟದ್ದನ್ನು ಮರೆಮಾಡದೆ, ಹೊಲಗಳನ್ನೂ ಬಡ್ಡಿಯನ್ನೂ ಹಿಂದಿರುಗಿಸಬೇಕೆಂದನು. ಆ ಬಡ್ಡಿ ನೂರಕ್ಕೆ ಒಂದು. ತಿಂಗಳಿಗೆ ಅಷ್ಟೆಂದು ಅನೇಕ ವ್ಯಾಖ್ಯಾನಕಾರರು ತಿಳಿಯುತ್ತಾರೆ. ನಮ್ಮಲ್ಲಿ ಅದಕ್ಕಿಂತ ಹೆಚ್ಚಿನ ಬಡ್ಡಿಗೆ ಮದುವೆಯ ಸಾಲವೆತ್ತಿ, ವರ್ಷಗಟ್ಟಳೆ ತಲೆಯೆತ್ತಲಾರದವರು ಇಲ್ಲವೋ? ಭಾನುವಾರ ಒಂದೇ ಪಾತ್ರೆಯಲ್ಲಿ ಪಾಲು ತೆಗೆದುಕೊಂಡು, ಸೋಮವಾರ ಸಹೋದರನ ಹೊಲವನ್ನು ಬರೆಯಿಸಿಕೊಳ್ಳುವವನು ಕಟ್ಟಿದ ಗೋಡೆ ಯಾರನ್ನು ಕಾಯುವುದು?

ಇದಕ್ಕೆ ದಾರಿಯುಂಟು. ಗದಗಿನ ಸಮೀಪದ ಕಣಗಿನಹಾಳದಲ್ಲಿ 1905ರಲ್ಲಿ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರು ರೈತರನ್ನು ಕೂಡಿಸಿ ಸಹಕಾರ ಸಂಘವನ್ನು ಸ್ಥಾಪಿಸಿದರು. ಅವರು ನಮ್ಮ ಸಭೆಯವರಲ್ಲ. ಆದರೂ ನೆರೆಯವನ ಒಳ್ಳೇ ಕೆಲಸದಿಂದ ಕಲಿಯಲು ನಾಚಿಕೆಯೇತಕ್ಕೆ? ಅಡಿಗೆಗೆ ಅಕ್ಕಿ ಅಳೆಯುವಾಗ ತಾಯಂದಿರು ಸಭೆಗೆ ತೆಗೆದಿಡುವ ಒಂದೊಂದು ಹಿಡಿಯೂ ಇಂಥ ಕೂಡುಬಲದ ಬೀಜವೇ.

ಮೂರನೆಯ ಪಾಠ: ಗೋಡೆಯಾದ ಮೇಲೆ ಗ್ರಂಥ. ನೀರುಬಾಗಲಿನ ಮುಂದಣ ಬೈಲಿನಲ್ಲಿ ಎಜ್ರನು ಧರ್ಮಶಾಸ್ತ್ರವನ್ನು ಓದಿದನು. ಗಂಡಸರೂ ಹೆಂಗಸರೂ ತಿಳಿಯಬಲ್ಲವರೆಲ್ಲರೂ ಕೇಳಿದರು; ಲೇವಿಯರು ಅರ್ಥವನ್ನು ಬಿಡಿಸಿ ಹೇಳಿದರು. ಓದಿದರೆ ಸಾಲದು, ತಿಳಿಯಬೇಕು. ನಾಟಿಯ ಕಾಲದಲ್ಲಿ ಮಗಳನ್ನು ಶಾಲೆಯಿಂದ ಬಿಡಿಸುವ ತಂದೆಯು ಶಲ್ಲೂಮನ ಹೆಣ್ಣುಮಕ್ಕಳನ್ನು ನೆನಸಲಿ.

ಕಡೆಯದಾಗಿ ಒಂದು ಎಚ್ಚರಿಕೆ. ಗೋಡೆಯು ನೆರೆಯವರನ್ನು ದ್ವೇಷಿಸುವುದಕ್ಕಲ್ಲ. ಸೆರೆಯಲ್ಲಿದ್ದವರಿಗೆ ಯೆರೆಮೀಯನು ಬರೆದ ಪತ್ರವನ್ನು, 29ನೆಯ ಅಧ್ಯಾಯದಲ್ಲಿ, ಓದಿರಿ: ಮನೆ ಕಟ್ಟಿರಿ, ತೋಟ ಮಾಡಿರಿ, ನೀವಿರುವ ಊರಿನ ಕ್ಷೇಮಕ್ಕಾಗಿ ಪ್ರಾರ್ಥಿಸಿರಿ ಎಂಬುದೇ ಅದರ ತಾತ್ಪರ್ಯ. ಊರಿನ ಕೆರೆಯು ತುಂಬಿದರೆ ನಮ್ಮ ಗದ್ದೆಯೂ ತಣಿಯುವುದು.

ವಿಚಾರಿಸತಕ್ಕ ಪ್ರಶ್ನೆಗಳು:
1. ನಮ್ಮ ಸಭೆಯಲ್ಲಿ ಬಿದ್ದಿರುವ ಗೋಡೆ ಯಾವುದು? ಅದು ಯಾರ ಮನೆಯ ಎದುರಿನಲ್ಲಿದೆ?
2. ಸಹೋದರನಿಂದ ಬಡ್ಡಿ ತೆಗೆದುಕೊಳ್ಳುವವರು ನಮ್ಮಲ್ಲಿ ಇದ್ದಾರೋ? ಏನು ಮಾಡಬೇಕು?
3. ಈ ವರ್ಷ ಯಾವ ಮಗುವು ಶಾಲೆ ಬಿಟ್ಟಿತು? ಅದರ ಮನೆಗೆ ಯಾರು ಹೋಗುವರು?

ಕರ್ತನು ನಮ್ಮ ಕೈಗಳನ್ನು ಬಲಪಡಿಸಲಿ. ಆಮೆನ್.