ವೃದ್ಧಾಪ್ಯದಲ್ಲಿ ಔಷಧಿಯ ಮಿತಿ

ಸುವರ್ಣ ಮಹೋತ್ಸವದ ಈ ಸಂಚಿಕೆಗೆ ಆರೋಗ್ಯ ಸಂಬಂಧವಾದ ಲೇಖನವೊಂದನ್ನು ಬರೆಯಬೇಕೆಂದು ಸಮಿತಿಯವರು ಕೇಳಿದಾಗ, ನನಗೆ ಮೊದಲು ನೆನಪಾದವರು ಈ ಶಾಲೆಯಲ್ಲಿ ಗಣಿತ ಕಲಿಸಿದ ನನ್ನ ಮೇಷ್ಟರು. ನಾನು ವೈದ್ಯನಾದ ಮೇಲೂ ಅವರಿಂದ ಒಂದು ಪಾಠ ಕಲಿಯುವುದಿತ್ತು. ಅದನ್ನೇ ಇಲ್ಲಿ ನಿವೇದಿಸುತ್ತೇನೆ.

ಎಂಬತ್ತರ ಸಮೀಪದಲ್ಲಿದ್ದ ಅವರ ರಕ್ತದೊತ್ತಡಕ್ಕೆ ನಾನು ಅಮ್ಲೋಡಿಪಿನ್ ಮಾತ್ರೆ ಬರೆದೆ. ಕೆಲವು ವಾರಗಳಲ್ಲಿ ಅವರ ಕಾಲು ಊದಿಕೊಂಡಿತು. ಅದು ಆ ಮಾತ್ರೆಯದೇ ಪರಿಣಾಮವಾಗಿರಬಹುದೆಂದು ಯೋಚಿಸದೆ, ಮೂತ್ರ ಹೆಚ್ಚಿಸುವ ಮಾತ್ರೆಯನ್ನು ಸೇರಿಸಿದೆ. ರಾತ್ರಿ ಪದೇ ಪದೇ ಏಳಬೇಕಾಗಿ ಅವರ ನಿದ್ರೆ ಕೆಟ್ಟಿತು. ನಿದ್ರೆಗೊಂದು ಮಾತ್ರೆ ಬಂತು. ಒಂದು ರಾತ್ರಿ ಹಿತ್ತಲಿಗೆ ಹೋಗುವಾಗ ಬಿದ್ದು ಬಲಗೈಯ ಮಣಿಕಟ್ಟು ಮುರಿದುಕೊಂಡರು. ನೋಡಲು ಹೋದಾಗ ಮಾತ್ರೆಗಳನ್ನು ಸಾಲಾಗಿ ಇಟ್ಟು, “ಒಂದೊಂದೂ ಯಾತಕ್ಕೆ ಅಂತ ಹೇಳಪ್ಪ” ಎಂದರು. ಹೇಳುತ್ತಾ ಹೋದಂತೆ ಲೆಕ್ಕ ತಪ್ಪಿದ ಜಾಗ ನನಗೇ ಕಂಡಿತು. ಮೂರನೆಯ ಮಾತ್ರೆ ಎರಡನೆಯದರಿಂದ, ಎರಡನೆಯದು ಮೊದಲನೆಯದರಿಂದ ಹುಟ್ಟಿತ್ತು.

ಮುಪ್ಪಿನಲ್ಲಿ ದೇಹವು ಔಷಧಿಯನ್ನು ಬೇರೆ ರೀತಿಯಲ್ಲಿ ಸ್ವೀಕರಿಸುತ್ತದೆ. ಮೂತ್ರಪಿಂಡಗಳ ಶಕ್ತಿ ಕುಂದುವುದರಿಂದ ಹಲವು ಔಷಧಿಗಳು ನಿಧಾನವಾಗಿ ಹೊರಹೋಗುತ್ತವೆ. ದೇಹದಲ್ಲಿ ನೀರಿನ ಅಂಶ ಇಳಿದು ಕೊಬ್ಬಿನ ಅಂಶ ಏರುವುದರಿಂದ ಡಯಾಜೆಪಾಮ್‌ನಂತಹ ನಿದ್ರೆ ಮಾತ್ರೆಗಳು ಬಹುಕಾಲ ಉಳಿಯುತ್ತವೆ. ಗ್ಲಿಬೆನ್‌ಕ್ಲಮೈಡ್ ಎಂಬ ಸಕ್ಕರೆ ಕಾಯಿಲೆಯ ಮಾತ್ರೆ, ಊಟ ತಪ್ಪಿದ ದಿನ ಸಕ್ಕರೆಯನ್ನು ಅಪಾಯಕರವಾಗಿ ಇಳಿಸಬಲ್ಲದು. ಮಂಡಿನೋವಿಗೆ ದಿನವೂ ನುಂಗುವ ಡೈಕ್ಲೋಫೆನಾಕ್ ರಕ್ತದೊತ್ತಡವನ್ನು ಏರಿಸಿ ಮೂತ್ರಪಿಂಡಗಳಿಗೆ ಹಾನಿ ಮಾಡಬಹುದು. ಸಾಮಾನ್ಯವಾಗಿ ಐದು ಅಥವಾ ಅದಕ್ಕಿಂತ ಹೆಚ್ಚು ಔಷಧಿಗಳ ಬಳಕೆಯನ್ನು ಬಹು-ಔಷಧ ಸ್ಥಿತಿ ಎನ್ನುತ್ತಾರೆ. ಅತಿಯಾದರೆ ಅಮೃತವೂ ವಿಷವೆಂಬ ನಮ್ಮ ಹಿರಿಯರ ಮಾತು ಇಲ್ಲಿ ಅಕ್ಷರಶಃ ಸತ್ಯ.

ಈ ತಿಳಿವಳಿಕೆ ವೈದ್ಯಲೋಕಕ್ಕೆ ಹೊಸದಲ್ಲ. 1991ರಲ್ಲಿ ಅಮೆರಿಕದ ಮಾರ್ಕ್ ಬಿಯರ್ಸ್ ಮತ್ತು ಸಂಗಡಿಗರು ವೃದ್ಧರಿಗೆ ತಕ್ಕುದಲ್ಲದ ಔಷಧಿಗಳ ಪಟ್ಟಿಯೊಂದನ್ನು ಪ್ರಕಟಿಸಿದರು. ಅದು 2023ರಲ್ಲೂ ಪರಿಷ್ಕೃತವಾಗಿದೆ. ನಮ್ಮ ನಾಡಿನಲ್ಲಿ ಡಾ. ವಿ. ಎಸ್. ನಟರಾಜನ್ ಅವರು ಮದ್ರಾಸ್ ವೈದ್ಯಕೀಯ ಕಾಲೇಜಿನಲ್ಲಿ ವೃದ್ಧರ ಚಿಕಿತ್ಸೆಗೆ ಪ್ರತ್ಯೇಕ ವಿಭಾಗವನ್ನು ಬೆಳೆಸಿದರು.

ಹೀಗಿದ್ದೂ ವೈದ್ಯರು ಮಾತ್ರೆ ನಿಲ್ಲಿಸಲು ಹಿಂಜರಿಯುವುದೇಕೆ? ಬೇರೊಬ್ಬ ವೈದ್ಯರು ಬರೆದುದನ್ನು ತೆಗೆಯುವುದು ಅವರಿಗೆ ಅಗೌರವವೆಂಬ ಸಂಕೋಚ. ನಿಲ್ಲಿಸಿದ ಬಳಿಕ ಏನಾದರೂ ಆದರೆ ಎಂಬ ಭಯ. ರೋಗಿಗಳ ಸಾಲಿನ ಮುಂದೆ ವೇಳೆಯ ಅಭಾವ. ಮಾತ್ರೆ ಕೊಡದ ವೈದ್ಯರನ್ನು ಮನೆಯವರು ಮೆಚ್ಚುವುದಿಲ್ಲವೆಂಬುದೂ ಉಂಟು. ನಮ್ಮ ಗಡಿನಾಡಿನಲ್ಲಿ ಇನ್ನೊಂದು ತೊಡಕಿದೆ. 1965ರವರೆಗೆ ಸೇಲಂ ಜಿಲ್ಲೆಯಲ್ಲಿದ್ದು, ಆಮೇಲೆ ಧರ್ಮಪುರಿಗೂ 2004ರಲ್ಲಿ ಕೃಷ್ಣಗಿರಿಗೂ ಸೇರಿದ ಹೊಸೂರು ಸೀಮೆಯ ಹಿರಿಯರು ಒಂದು ಕಾಯಿಲೆಗೆ ಸೇಲಂಗೂ ಇನ್ನೊಂದಕ್ಕೆ ಬೆಂಗಳೂರಿಗೂ ಹೋಗುತ್ತಾರೆ. ಚೀಟಿ ಇಂಗ್ಲಿಷಿನಲ್ಲಿ, ವಿವರಣೆ ತಮಿಳಿನಲ್ಲಿ, ಸಂದೇಹ ಕನ್ನಡದಲ್ಲಿ! ಎರಡು ಊರಿನ ಚೀಟಿಗಳನ್ನು ಯಾರೂ ಒಟ್ಟಿಗೆ ಇಟ್ಟು ನೋಡುವುದಿಲ್ಲ. 2021ರ ಆಗಸ್ಟ್ 5ರಂದು ಕೃಷ್ಣಗಿರಿ ಜಿಲ್ಲೆಯ ಸಾಮನಪಳ್ಳಿಯಲ್ಲಿ ಆರಂಭವಾದ ‘ಮಕ್ಕಳೈ ತೇಡಿ ಮರುತ್ತುವಂ’ ಯೋಜನೆ ರಕ್ತದೊತ್ತಡ, ಸಕ್ಕರೆ ಕಾಯಿಲೆಗಳ ಔಷಧಿಯನ್ನು ಮನೆಬಾಗಿಲಿಗೆ ತಂದಿದೆ. ಇದು ದೊಡ್ಡ ಉಪಕಾರ. ಆದರೆ ಬಂದ ಮಾತ್ರೆಯ ಜೊತೆಗೆ ಮನೆಯಲ್ಲಿ ಮೊದಲೇ ಇರುವುದನ್ನೂ ಲೆಕ್ಕ ಹಾಕಬೇಕು.

ಓದುಗರು ಒಂದು ಎಚ್ಚರಿಕೆಯನ್ನು ಮರೆಯಬಾರದು. ಯಾವ ಮಾತ್ರೆಯನ್ನೂ ತಾವಾಗಿ ನಿಲ್ಲಿಸಕೂಡದು. ನಿದ್ರೆ ಮಾತ್ರೆ, ಸ್ಟೀರಾಯ್ಡ್, ಹೃದಯದ ಕೆಲವು ಔಷಧಿಗಳನ್ನು ಥಟ್ಟನೆ ಬಿಟ್ಟರೆ ಅಪಾಯವಿದೆ. ವರ್ಷಕ್ಕೊಮ್ಮೆಯಾದರೂ ಮನೆಯಲ್ಲಿರುವ ಎಲ್ಲ ಔಷಧಿಗಳನ್ನು, ನಾಟಿ ಮದ್ದನ್ನೂ ಸೇರಿಸಿ, ಒಂದೇ ಚೀಲದಲ್ಲಿ ವೈದ್ಯರ ಬಳಿಗೆ ಒಯ್ಯಿರಿ. ಪ್ರತಿಯೊಂದಕ್ಕೂ ಮೂರು ಪ್ರಶ್ನೆ ಕೇಳಿರಿ: ಇದು ಯಾತಕ್ಕೆ? ಈಗಲೂ ಬೇಕೇ? ಎಷ್ಟು ದಿನ? ನಿಲ್ಲಿಸುವುದಾದರೆ ಒಂದೊಂದಾಗಿ, ನಿಧಾನವಾಗಿ, ವೈದ್ಯರ ಕಣ್ಗಾವಲಿನಲ್ಲಿ ನಿಲ್ಲಿಸಬೇಕು.

ಮೇಷ್ಟರಿಗೆ ರಕ್ತದೊತ್ತಡದ ಮಾತ್ರೆಯನ್ನು ಬದಲಿಸಿದೆ. ಊತ ಇಳಿಯಿತು, ಮೂತ್ರದ ಮಾತ್ರೆ ಬೇಡವಾಯಿತು, ನಿದ್ರೆ ಮಾತ್ರೆಯನ್ನು ವಾರಗಟ್ಟಲೆ ತಗ್ಗಿಸಿ ಬಿಡಿಸಿದೆ. ಕಪ್ಪುಹಲಗೆಯ ಮೇಲೆ ಮುತ್ತಿನಂತೆ ಬರೆಯುತ್ತಿದ್ದ ಆ ಕೈ ಮಾತ್ರ ಮತ್ತೆ ಮೊದಲಿನಂತಾಗಲಿಲ್ಲ. ಅಂದಿನಿಂದ ಹೊಸ ಮಾತ್ರೆ ಬರೆಯುವ ಮುನ್ನ ಹಳೆಯ ಚೀಟಿಯನ್ನು ಓದುತ್ತೇನೆ. ಪ್ರಶ್ನೆ ಕೇಳುವುದನ್ನು ಕಲಿಸಿದ ಈ ಶಾಲೆ ನೂರ್ಕಾಲ ಬಾಳಲಿ.