ಸಹಸ್ಫಟಿಕ ಮತ್ತು ಮಾತ್ರೆಯ ಗಟ್ಟಿತನ

ಔಷಧದ ಅಣುವೂ ಜೊತೆಗಾರ ಅಣುವೂ ನಿಶ್ಚಿತ ಅನುಪಾತದಲ್ಲಿ, ಮುಖ್ಯವಾಗಿ ಹೈಡ್ರೋಜನ್ ಬಂಧದಿಂದ, ಒಂದೇ ಸ್ಫಟಿಕಜಾಲದಲ್ಲಿ ಸೇರಿದರೆ ಅದು ಸಹಸ್ಫಟಿಕ. ಪ್ಯಾರಾಸಿಟಮಾಲ್‌ನ ಸಾಮಾನ್ಯ ರೂಪವನ್ನು ಹಾಗೆಯೇ ಒತ್ತಿದರೆ ಮಾತ್ರೆಯ ಮೇಲ್ಭಾಗ ಮುಚ್ಚಳದಂತೆ ಕಳಚಿಬರುತ್ತದೆ. ಅದರ ಅಣುಪದರಗಳು ಅಂಕುಡೊಂಕಾಗಿದ್ದು ಒಂದರ ಮೇಲೊಂದು ಜಾರುವುದಿಲ್ಲ. ಆಕ್ಸಾಲಿಕ್ ಆಮ್ಲದೊಡನೆ ಸಹಸ್ಫಟಿಕವಾದಾಗ ಪದರಗಳು ಚಪ್ಪಟೆಯಾಗಿ, ಒತ್ತಡಕ್ಕೆ ಜಾರಿ, ಗಟ್ಟಿ ಮಾತ್ರೆ ಸಿಗುತ್ತದೆ.

ಜಾಲ ಒಂದೇ ಆದರೂ ತಯಾರಿಕೆಯ ವಿಧಾನ ಕಣದ ಗಾತ್ರ, ಆಕಾರಗಳನ್ನು ಬದಲಿಸುತ್ತದೆ. ದ್ರಾವಣವನ್ನು ನಿಧಾನವಾಗಿ ತಣಿಸಿದರೆ ದೊಡ್ಡ ಹರಳು. ದ್ರಾವಕದ ಕೆಲವೇ ಹನಿ ಹಾಕಿ ಅರೆದರೆ ನುಣ್ಣನೆಯ ಪುಡಿ: ಅಂಟಿಕೊಳ್ಳಲು ಮೇಲ್ಮೈ ಹೆಚ್ಚು, ಆದರೆ ಅಚ್ಚಿಗೆ ಸರಾಗವಾಗಿ ಸುರಿಯದು. ಸೂಜಿಯಾಕಾರದ ಹರಳಿನದೂ ಇದೇ ತೊಂದರೆ. ದ್ರಾವಣವನ್ನು ಸಿಂಪಡಿಸಿ ಒಣಗಿಸಿದರೆ ಸಾಮಾನ್ಯವಾಗಿ ಗುಂಡು ಕಣಗಳು.

ಇನ್ನು ಕಾನೂನಿನ ದೃಷ್ಟಿಯಲ್ಲಿ, ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ 2018ರ ಮಾರ್ಗಸೂಚಿಯಲ್ಲಿ ಸಹಸ್ಫಟಿಕವನ್ನು ಬಹುರೂಪಕ್ಕೆ (ಅದೇ ಔಷಧದ ಬೇರೊಂದು ಸ್ಫಟಿಕ ರೂಪಕ್ಕೆ) ಸಮಾನವಾಗಿ ಪರಿಗಣಿಸಿದೆ, ಹೊಸ ಔಷಧಾಂಶವೆಂದಲ್ಲ.