ಕಾರ್ಡ್‌ಲೆಸ್ ಫೋನು ಸತ್ತಾಗ

ನಮ್ಮ ಮನೆ ಹತ್ತಿರ ಮೊಬೈಲ್ ಸಿಗ್ನಲ್ ಸಿಗೋದಿಲ್ಲ. ಇರೋದು ಕಾರ್ಡ್‌ಲೆಸ್ ಫೋನು. ಕಳೆದ ಮಳೆಗಾಲದ ಒಂದು ರಾತ್ರಿ ಅಜ್ಜಿಗೆ ಉಬ್ಬಸ ಜೋರಾಯಿತು. ಜೀಪಿನವರನ್ನು ಕರೆಯೋಣ ಎಂದರೆ ಫೋನು ಸತ್ತಿತ್ತು. ಲೈನೇ ಹೋಗಿದೆ ಎಂದುಕೊಂಡು ಅಪ್ಪ ಕತ್ತಲಲ್ಲಿ ನಡೆದೇ ಹೋದರು.

ಲೈನು ಸರಿಯಾಗೇ ಇತ್ತು! ಹೋಗಿದ್ದು ಕರೆಂಟು. ಕಾರ್ಡ್‌ಲೆಸ್ಸಿನ ಬೇಸ್, ಅಂದರೆ ಕೆಳಗಿನ ಪೆಟ್ಟಿಗೆಗೆ ಮನೆಯ ಕರೆಂಟು ಬೇಕು. ತಂತಿ ಇರುವ ಹಳೇ ಫೋನಿಗೆ ಬೇಡ. ಟೆಲಿಫೋನ್ ತಂತಿಯಲ್ಲೇ ಸುಮಾರು 48 ವೋಲ್ಟ್ ಬರುತ್ತದೆ. ಆದ್ದರಿಂದ ಮೊದಲು ಹಳೇ ಫೋನು ಸಿಕ್ಕಿಸಿ ನೋಡಿ. ಡಯಲ್ ಟೋನ್ ಬಂದರೆ ಲೈನು ಸರಿ, ತೊಂದರೆ ಕಾರ್ಡ್‌ಲೆಸ್ಸಿನದು.

ಕರೆಂಟಿದ್ದೂ ಚಾರ್ಜ್ ಆಗದಿದ್ದರೆ ಅಡಾಪ್ಟರ್ ಕಿತ್ತು, ಚಾರ್ಜಿಂಗ್ ಪಿನ್ನುಗಳನ್ನು ಪೆನ್ಸಿಲ್ ಅಳಿಸೋ ರಬ್ಬರಿನಿಂದ ಉಜ್ಜಿ. ನಮ್ಮದರಲ್ಲಿ ಹಸಿರು ಕಿಲುಬು ಹಿಡಿದಿತ್ತು. ಬ್ಯಾಟರಿ ಹಳತಾಗಿದ್ದರೆ ಅದೇ ಜಾತಿಯದನ್ನೇ ತರಬೇಕು. ನಮ್ಮದರಲ್ಲಿ 1.2 ವೋಲ್ಟಿನ 3 ಸೆಲ್ ಇವೆ, ಒಟ್ಟು 3.6. ತಮ್ಮ ಟಾರ್ಚಿನ ಸೆಲ್ ಹಾಕಲು ಹೊರಟಿದ್ದ! ಅದನ್ನು ಚಾರ್ಜಿಗೆ ಇಟ್ಟರೆ ಸೋರುತ್ತದೆ, ಒಡೆಯಲೂಬಹುದು.

ಗೊರಗೊರ ಸದ್ದು ಬಂದರೆ ಬೇಸನ್ನು ಟಿ.ವಿ., ಕಬ್ಬಿಣದ ಬೀರುವಿನಿಂದ ದೂರ ಇಡಿ.

ಅಜ್ಜಿ ಈಗ ಹುಷಾರಾಗಿದ್ದಾರೆ. ಅಟ್ಟದಲ್ಲಿದ್ದ ಹಳೇ ಫೋನು ಅವರ ಮಂಚದ ಪಕ್ಕದಲ್ಲೇ ಇದೆ.